ಎಂಓಟಿ ತಪಾಸಣೆಯಲ್ಲಿ ಫೋರ್ಡ್ ಟ್ರಾನ್ಸಿಟ್

ಫೋರ್ಡ್ ಟ್ರಾನ್ಸಿಟ್ 1965ರಿಂದ ತಯಾರಾಗುತ್ತಿರುವ ಹಗುರ ಸರಕು ಸಾಗಣೆಯ ವ್ಯಾನ್ ಆಗಿದೆ. ಬ್ರಿಟನ್ನಿನ ಬಡಗಿಗಳು, ಕೊಳಾಯಿ ಕೆಲಸಗಾರರು, ಕಟ್ಟಡ ಗುತ್ತಿಗೆದಾರರು ಮತ್ತು ಸರಕು ವಿತರಕರಲ್ಲಿ ಇದು ಬಹು ಹಿಂದಿನಿಂದಲೂ ಬಳಕೆಯಲ್ಲಿದೆ. ಇವರಲ್ಲಿ ಅನೇಕರು ಕೊಳ್ಳುವುದು ಬಳಸಿದ ವ್ಯಾನನ್ನೇ. ಇಂಗ್ಲೆಂಡ್, ಸ್ಕಾಟ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಮೂರು ವರ್ಷ ಪೂರೈಸಿದ ವ್ಯಾನ್‌ಗಳು ವರ್ಷಕ್ಕೊಮ್ಮೆ ಎಂಓಟಿ ಎಂಬ ರಸ್ತೆಯೋಗ್ಯತಾ ತಪಾಸಣೆಗೆ ಒಳಪಡಬೇಕು. ಈ ತಪಾಸಣೆಯ ಫಲಿತಾಂಶಗಳು ಸಾರ್ವಜನಿಕವಾಗಿ ಲಭ್ಯವಿರುವುದರಿಂದ, ಬಳಸಿದ ಟ್ರಾನ್ಸಿಟ್‌ನ ಸ್ಥಿತಿಯನ್ನು ಅಂದಾಜು ಮಾಡಲು ಅವು ಮುಖ್ಯ ಆಧಾರವಾಗಿವೆ. ಆದರೆ ಉತ್ತೀರ್ಣ ಪತ್ರವು ತಪಾಸಣೆ ನಡೆದ ದಿನದ ಸ್ಥಿತಿಯನ್ನು ಮಾತ್ರ ತಿಳಿಸುತ್ತದೆ. ವ್ಯಾನಿನ ನಿಜವಾದ ಸ್ಥಿತಿ ತಿಳಿಯುವುದು ಹಲವು ವರ್ಷಗಳ ದಾಖಲೆಗಳನ್ನು ಒಟ್ಟಿಗೆ ಓದಿದಾಗ.

ಹಿನ್ನೆಲೆ

ಬ್ರಿಟನ್ನಿನ ಅಂದಿನ ಸಾರಿಗೆ ಸಚಿವಾಲಯದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಎಂಓಟಿ ಎಂಬ ಹೆಸರು ಬಂದಿದೆ. 1960ರಲ್ಲಿ ಆರಂಭವಾದಾಗ ಈ ತಪಾಸಣೆ ಹತ್ತು ವರ್ಷ ದಾಟಿದ ವಾಹನಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಆಗ ಬ್ರೇಕ್, ದೀಪ ಮತ್ತು ಸ್ಟೀರಿಂಗ್‌ಗಳನ್ನು ಮಾತ್ರ ಪರಿಶೀಲಿಸಲಾಗುತ್ತಿತ್ತು. ವಯಸ್ಸಿನ ಮಿತಿಯನ್ನು ಮೊದಲು ಏಳು ವರ್ಷಕ್ಕೂ, 1967ರಲ್ಲಿ ಮೂರು ವರ್ಷಕ್ಕೂ ಇಳಿಸಲಾಯಿತು. ಮುಂದೆ ಟೈರ್, ಸಸ್ಪೆನ್ಷನ್, ದೇಹದ ರಚನೆ, ಸೀಟ್ ಬೆಲ್ಟ್ ಮತ್ತು ಹೊಗೆಯ ಪರೀಕ್ಷೆಗಳು ಸೇರಿಕೊಂಡವು. ಸರ್ಕಾರಿ ಸಂಸ್ಥೆಯಾದ ಡಿವಿಎಸ್‌ಎ ಇದರ ಮೇಲ್ವಿಚಾರಣೆ ನಡೆಸುತ್ತದೆ. ತಪಾಸಣೆ ನಡೆಯುವುದು ಬಹುಪಾಲು ಅದರಿಂದ ಅನುಮತಿ ಪಡೆದ ಖಾಸಗಿ ಗ್ಯಾರೇಜುಗಳಲ್ಲಿ.

2018ರಿಂದ, 40 ವರ್ಷ ದಾಟಿದ ಮತ್ತು ಗಣನೀಯ ಮಾರ್ಪಾಡು ಹೊಂದಿರದ ಹಳೆಯ ವಾಹನಗಳಿಗೆ ವಿನಾಯಿತಿ ದೊರೆಯುತ್ತಿದೆ. ಹೀಗಾಗಿ ಮೂಲ ರೂಪದಲ್ಲೇ ಉಳಿದಿರುವ ಮೊದಲ ತಲೆಮಾರಿನ ಟ್ರಾನ್ಸಿಟ್‌ಗಳು ಕಡ್ಡಾಯ ತಪಾಸಣೆಯಿಂದ ಹೊರಗುಳಿದಿವೆ.

ವರ್ಗ ಮತ್ತು ಕಾಲಾವಧಿ

ಎಲ್ಲ ಟ್ರಾನ್ಸಿಟ್‌ಗಳೂ ಒಂದೇ ತಪಾಸಣಾ ವರ್ಗಕ್ಕೆ ಸೇರುವುದಿಲ್ಲ. ವಿನ್ಯಾಸದ ಒಟ್ಟು ತೂಕ 3,000 ಕಿಲೋಗ್ರಾಂ ಮೀರದ ಸರಕು ವ್ಯಾನ್‌ಗಳು ಕಾರುಗಳೊಂದಿಗೆ ನಾಲ್ಕನೇ ವರ್ಗದಲ್ಲಿ ಬರುತ್ತವೆ. 3,000 ಕಿಲೋಗ್ರಾಂ ಮೀರಿ 3,500 ಕಿಲೋಗ್ರಾಂವರೆಗಿನವು ಏಳನೇ ವರ್ಗಕ್ಕೆ ಸೇರುತ್ತವೆ. ಟ್ರಾನ್ಸಿಟ್‌ನ ಹೆಸರಿನ ಜೊತೆಗಿರುವ ಸಂಖ್ಯೆ ಈ ತೂಕದ ಸುಳಿವು ನೀಡುತ್ತದೆ: 280 ಎಂದರೆ ಸುಮಾರು 2,800 ಕಿಲೋಗ್ರಾಂ, 350 ಎಂದರೆ 3,500 ಕಿಲೋಗ್ರಾಂ. ಆದರೆ ವರ್ಗವನ್ನು ನಿರ್ಧರಿಸುವುದು ವಾಹನಕ್ಕೆ ಅಂಟಿಸಿದ ತಯಾರಕರ ಫಲಕದಲ್ಲಿರುವ ತೂಕವೇ ಹೊರತು ಈ ಸಂಖ್ಯೆಯಲ್ಲ. ಎರಡು ವರ್ಗಗಳ ಫಲಿತಾಂಶಗಳನ್ನು ಬೆರೆಸಿ ಒಂದು ಮಾದರಿಯ ಗುಣಮಟ್ಟವನ್ನು ಅಳೆದರೆ ತಪ್ಪು ಚಿತ್ರಣ ಮೂಡುತ್ತದೆ.

ಬಳಕೆಗೆ ತಕ್ಕಂತೆ ಕಾಲಾವಧಿಯೂ ಬದಲಾಗುತ್ತದೆ. ಆಂಬುಲೆನ್ಸ್ ಆಗಿ ಓಡುವ ಟ್ರಾನ್ಸಿಟ್‌ಗೆ ಮೊದಲ ತಪಾಸಣೆ ಒಂದು ವರ್ಷಕ್ಕೇ ಬರುತ್ತದೆ. ಎಂಟಕ್ಕಿಂತ ಹೆಚ್ಚು ಪ್ರಯಾಣಿಕ ಆಸನಗಳುಳ್ಳ ಮಿನಿಬಸ್‌ಗೂ ಇದೇ ನಿಯಮ. ಸರಕು ವ್ಯಾನಿಗೆ ಮಾತ್ರ ಮೂರು ವರ್ಷಗಳ ಅವಧಿ ಇದೆ. ದಿನಕ್ಕೆ 100 ಮೈಲಿಯಂತೆ ವಾರಕ್ಕೆ ಐದು ದಿನ, ವರ್ಷಕ್ಕೆ 50 ವಾರ ಓಡುವ ವ್ಯಾನ್ ತನ್ನ ಮೊದಲ ತಪಾಸಣೆಯ ವೇಳೆಗೆ 75,000 ಮೈಲಿ, ಅಂದರೆ ಸುಮಾರು 1,20,000 ಕಿಲೋಮೀಟರ್ ಕ್ರಮಿಸಿರುತ್ತದೆ. ವಾರಕ್ಕೆ 140 ಮೈಲಿ ಓಡುವ ಕುಟುಂಬದ ಕಾರು ಅದೇ ಅವಧಿಯಲ್ಲಿ 21,000 ಮೈಲಿ ಮಾತ್ರ ಓಡಿರುತ್ತದೆ. ಆದ್ದರಿಂದ ಒಂದೇ ವಯಸ್ಸಿನ ಕಾರು ಮತ್ತು ವ್ಯಾನ್‌ಗಳ ಫಲಿತಾಂಶಗಳನ್ನು ಹೋಲಿಸುವಾಗ ಓಡಿದ ದೂರವನ್ನೂ ಹೊತ್ತ ಭಾರವನ್ನೂ ಗಮನಿಸಬೇಕಾಗುತ್ತದೆ.

ಸಾಮಾನ್ಯ ದೋಷಗಳು

ಬ್ರಿಟನ್ನಿನಲ್ಲಿ ವಾಹನಗಳು ಅನುತ್ತೀರ್ಣವಾಗಲು ದೀಪಗಳು, ಸಸ್ಪೆನ್ಷನ್, ಬ್ರೇಕ್ ಮತ್ತು ಟೈರ್‌ಗಳು ಪ್ರಮುಖ ಕಾರಣಗಳಾಗಿವೆ. ಟ್ರಾನ್ಸಿಟ್ ಕೂಡ ಇದಕ್ಕೆ ಹೊರತಲ್ಲ. ಸುಟ್ಟುಹೋದ ಬಲ್ಬ್ ಅಥವಾ ಸವೆದ ವೈಪರ್ ಪಟ್ಟಿಯನ್ನು ತಪಾಸಣೆಗೆ ಮೊದಲೇ ಅಲ್ಪ ವೆಚ್ಚದಲ್ಲಿ ಬದಲಿಸಬಹುದು. ಇಂಥ ಕಾರಣಗಳಿಂದ ಪ್ರತಿ ವರ್ಷವೂ ಅನುತ್ತೀರ್ಣವಾದ ವ್ಯಾನಿನ ದಾಖಲೆಯು ಯಂತ್ರದ ದೌರ್ಬಲ್ಯಕ್ಕಿಂತ ಮಾಲೀಕನ ನಿರ್ಲಕ್ಷ್ಯವನ್ನೇ ಹೆಚ್ಚಾಗಿ ತೋರಿಸುತ್ತದೆ.

2000ದಲ್ಲಿ ಬಂದ ತಲೆಮಾರಿನಿಂದೀಚೆಗೆ ಟ್ರಾನ್ಸಿಟ್ ವ್ಯಾನಿನ ಮುಂಭಾಗದಲ್ಲಿ ಸುರುಳಿ ಸ್ಪ್ರಿಂಗ್‌ಗಳೂ ಹಿಂಭಾಗದಲ್ಲಿ ಪಟ್ಟಿ ಸ್ಪ್ರಿಂಗ್‌ಗಳೂ ಇವೆ. ಹೆಚ್ಚಿನ ಭಾರ ಮತ್ತು ಹದಗೆಟ್ಟ ರಸ್ತೆಗಳಿಂದ ಸ್ಪ್ರಿಂಗ್ ಮುರಿಯುವುದು, ಬಾಲ್ ಜಾಯಿಂಟ್ ಮತ್ತು ಬುಷ್‌ಗಳು ಸವೆಯುವುದು ಸಾಮಾನ್ಯ. ಟೈರಿನ ಗೆರೆಗಳ ಆಳ ಅಗಲದ ನಡುವಣ ಮುಕ್ಕಾಲು ಭಾಗದಲ್ಲಿ ಕನಿಷ್ಠ 1.6 ಮಿಲಿಮೀಟರ್ ಇರಬೇಕು. ಹಿಂದೆ ಜೋಡಿ ಚಕ್ರಗಳಿರುವ ಮಾದರಿಗಳಲ್ಲಿ ಒಳಗಿನ ಟೈರಿನ ಸವೆತ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ.

ಡೀಸೆಲ್ ವ್ಯಾನ್‌ಗಳಲ್ಲಿ ಹೊಗೆಯ ಪರೀಕ್ಷೆಯೂ ನಿರ್ಣಾಯಕವಾಗಿದೆ. ಕಾರ್ಖಾನೆಯಲ್ಲೇ ಅಳವಡಿಸಿದ ಮಸಿ ಶೋಧಕವನ್ನು ತೆಗೆದುಹಾಕಿದ್ದರೆ 2014ರಿಂದ ವಾಹನ ಅನುತ್ತೀರ್ಣವಾಗುತ್ತದೆ. 2018ರಿಂದ, ಶೋಧಕವಿರುವ ವಾಹನದಿಂದ ಯಾವುದೇ ಬಣ್ಣದ ಹೊಗೆ ಕಂಡುಬಂದರೂ ಅದು ದೊಡ್ಡ ದೋಷವೇ. ಶೋಧಕದಲ್ಲಿ ಕೂಡಿದ ಮಸಿ ಉರಿದು ಹೋಗಲು ಹೆಚ್ಚಿನ ಶಾಖ ಬೇಕು. ನಗರದೊಳಗೆ ನಿಂತು ನಿಂತು ಓಡುವ ವಿತರಣಾ ವ್ಯಾನಿನಲ್ಲಿ ಅಷ್ಟು ಶಾಖ ಹುಟ್ಟದೆ ಶೋಧಕ ಕಟ್ಟಿಕೊಳ್ಳುತ್ತದೆ.

ತುಕ್ಕು

ಬಲ್ಬ್ ಮತ್ತು ಟೈರ್‌ಗಳನ್ನು ಬದಲಿಸಬಹುದು; ಹಳೆಯ ವ್ಯಾನಿನ ಆಯುಷ್ಯವನ್ನು ಕೊನೆಗೊಳಿಸುವುದು ಬಹುತೇಕ ತುಕ್ಕು. ಚಳಿಗಾಲದಲ್ಲಿ ಹಿಮ ಕರಗಿಸಲು ಬ್ರಿಟನ್ನಿನ ರಸ್ತೆಗಳಿಗೆ ಉಪ್ಪು ಸುರಿಯಲಾಗುತ್ತದೆ. ಈ ಉಪ್ಪುನೀರು ಬಾಗಿಲ ಕೆಳಗಿನ ಪೊಳ್ಳು ತೊಲೆಗಳು, ಚಕ್ರದ ಕಮಾನುಗಳು, ಸ್ಪ್ರಿಂಗ್ ಜೋಡಣೆಗಳು ಮತ್ತು ಉಕ್ಕಿನ ಬ್ರೇಕ್ ಕೊಳವೆಗಳಲ್ಲಿ ಸೇರಿಕೊಂಡು ಲೋಹವನ್ನು ತಿನ್ನುತ್ತದೆ. ಹಳೆಯ ಟ್ರಾನ್ಸಿಟ್‌ಗಳಲ್ಲಿ ಈ ಭಾಗಗಳನ್ನು ವಿಶೇಷವಾಗಿ ಗಮನಿಸಬೇಕಾಗುತ್ತದೆ.

ತಪಾಸಕನು ಎಲ್ಲ ತುಕ್ಕನ್ನೂ ಒಂದೇ ರೀತಿ ಪರಿಗಣಿಸುವುದಿಲ್ಲ. ಬಾಗಿಲಿನ ಹೊರಮೈಯ ತುಕ್ಕು ನೋಟಕ್ಕೆ ಕುಂದು ತಂದರೂ, ಚೂಪಾದ ಅಂಚು ಇಲ್ಲದಿದ್ದರೆ ಸಾಮಾನ್ಯವಾಗಿ ಅಪಾಯಕಾರಿಯಲ್ಲ. ಆದರೆ ಸಸ್ಪೆನ್ಷನ್, ಸ್ಟೀರಿಂಗ್, ಬ್ರೇಕ್ ಅಥವಾ ಸೀಟ್ ಬೆಲ್ಟ್‌ಗಳ ಜೋಡಣಾ ಬಿಂದುವಿನಿಂದ 30 ಸೆಂಟಿಮೀಟರ್ ಒಳಗಿನ ಭಾರ ಹೊರುವ ಲೋಹ ದುರ್ಬಲಗೊಂಡಿದ್ದರೆ ವಾಹನ ಅನುತ್ತೀರ್ಣವಾಗುತ್ತದೆ. ಅಲ್ಲಿ ಫೈಬರ್‌ಗ್ಲಾಸ್ ಅಥವಾ ಮೆತ್ತುವ ಪದಾರ್ಥದಿಂದ ಮಾಡಿದ ದುರಸ್ತಿಗೆ ಮಾನ್ಯತೆ ಇಲ್ಲ. ಹೊಸ ಲೋಹವನ್ನು ಬೆಸೆಯಬೇಕು. ಬೆಸುಗೆಯ ವೆಚ್ಚ ವ್ಯಾನಿನ ಬೆಲೆಯನ್ನು ಮೀರುವಂತಾದಾಗ ಅದು ಗುಜರಿ ಸೇರುತ್ತದೆ.

ದೋಷಗಳ ವರ್ಗೀಕರಣ

2018ರ ಮೇ ತಿಂಗಳಿನಿಂದ ದೋಷಗಳನ್ನು ಅಪಾಯಕಾರಿ, ದೊಡ್ಡ ಮತ್ತು ಸಣ್ಣ ಎಂದು ವಿಂಗಡಿಸಲಾಗುತ್ತಿದೆ. ಮೊದಲ ಎರಡರಲ್ಲಿ ಒಂದಿದ್ದರೂ ವಾಹನ ಅನುತ್ತೀರ್ಣ. ಅಪಾಯಕಾರಿ ದೋಷವಿರುವ ವಾಹನವನ್ನು ದುರಸ್ತಿಯಾಗುವವರೆಗೆ ರಸ್ತೆಯಲ್ಲಿ ಓಡಿಸುವಂತಿಲ್ಲ. ಸಣ್ಣ ದೋಷಗಳಿದ್ದರೆ ವಾಹನ ಉತ್ತೀರ್ಣವಾಗುತ್ತದೆ. ಇವಲ್ಲದೆ, ಮುಂದೆ ತೊಂದರೆ ನೀಡಬಹುದಾದ ಅಂಶಗಳನ್ನು ಸಲಹಾ ಟಿಪ್ಪಣಿಗಳಾಗಿ ದಾಖಲಿಸಲಾಗುತ್ತದೆ.

ದಾಖಲೆಗಳನ್ನು ಓದುವ ಕ್ರಮ

ವಾಹನದ ನೋಂದಣಿ ಸಂಖ್ಯೆಯನ್ನು ಸರ್ಕಾರಿ ಜಾಲತಾಣದಲ್ಲಿ ನಮೂದಿಸಿದರೆ, 2005ರಿಂದೀಚಿನ ತಪಾಸಣೆಗಳ ವಿವರ ಉಚಿತವಾಗಿ ದೊರೆಯುತ್ತದೆ. ಪ್ರತಿ ತಪಾಸಣೆಯ ದಿನದಂದು ಓಡೋಮೀಟರ್ ತೋರಿಸಿದ ಅಂಕಿಯೂ ಅಲ್ಲಿರುತ್ತದೆ. ಒಂದು ವರ್ಷದ ಅಂಕಿ ಹಿಂದಿನ ವರ್ಷಕ್ಕಿಂತ ಕಡಿಮೆಯಿದ್ದರೆ ಬರವಣಿಗೆಯ ದೋಷವೋ ಮೀಟರ್ ತಿದ್ದುಪಡಿಯೋ ಎಂದು ವಿಚಾರಿಸುವುದು ಅಗತ್ಯ.

ಸಲಹಾ ಟಿಪ್ಪಣಿಗಳ ಸರಣಿ ಇನ್ನಷ್ಟು ಉಪಯುಕ್ತ. ಒಂದು ವರ್ಷ ಬ್ರೇಕ್ ಕೊಳವೆಯಲ್ಲಿ ಸ್ವಲ್ಪ ತುಕ್ಕು ಎಂದಿದ್ದು, ಮರುವರ್ಷ ಹೆಚ್ಚಿನ ತುಕ್ಕು ಎಂದಾಗಿ, ಮೂರನೇ ವರ್ಷ ಅನುತ್ತೀರ್ಣವಾಗಿದ್ದರೆ, ಮಾಲೀಕನು ಎಚ್ಚರಿಕೆಗಳನ್ನು ಕಡೆಗಣಿಸಿದ್ದನೆಂದು ತಿಳಿಯಬಹುದು. ಟಿಪ್ಪಣಿ ಬಂದ ಮರುವರ್ಷವೇ ಅದು ಮಾಯವಾಗಿದ್ದರೆ ದುರಸ್ತಿ ನಡೆದಿರುವ ಸಾಧ್ಯತೆ ಇದೆ. ದುರಸ್ತಿಯ ರಸೀದಿಗಳು ಅದನ್ನು ಖಚಿತಪಡಿಸುತ್ತವೆ. ಈ ದೃಷ್ಟಿಯಿಂದ, ಒಮ್ಮೆ ಅನುತ್ತೀರ್ಣವಾಗಿ ಸರಿಯಾಗಿ ದುರಸ್ತಿಗೊಂಡ ವ್ಯಾನ್, ಸದಾ ಉತ್ತೀರ್ಣವಾಗುತ್ತಲೇ ಟಿಪ್ಪಣಿಗಳನ್ನು ಗುಡ್ಡೆ ಹಾಕಿಕೊಂಡ ವ್ಯಾನಿಗಿಂತ ಸುರಕ್ಷಿತವಾಗಿರಬಹುದು.

ಮಿತಿಗಳು

ಎಂಜಿನ್, ಕ್ಲಚ್ ಮತ್ತು ಗೇರ್‌ಬಾಕ್ಸ್‌ಗಳ ಸ್ಥಿತಿ ಎಂಓಟಿಯ ವ್ಯಾಪ್ತಿಗೆ ಬರುವುದಿಲ್ಲ. ತಪಾಸಕನು ಭಾಗಗಳನ್ನು ಬಿಚ್ಚಿ ನೋಡುವುದಿಲ್ಲ. ಆದ್ದರಿಂದ ಹೊದಿಕೆಗಳ ಹಿಂದಿರುವ ತುಕ್ಕು ಕಾಣದೆ ಉಳಿಯಬಹುದು. ತಪಾಸಣೆಯ ಮರುದಿನವೇ ಟೈರ್ ಹಾಳಾಗಬಹುದು. ಪ್ರಮಾಣಪತ್ರವು ಚಾಲ್ತಿಯಲ್ಲಿದ್ದರೂ ವಾಹನವನ್ನು ವರ್ಷವಿಡೀ ಸುಸ್ಥಿತಿಯಲ್ಲಿಡುವ ಕಾನೂನುಬದ್ಧ ಹೊಣೆ ಅದನ್ನು ಬಳಸುವವರ ಮೇಲೆಯೇ ಇರುತ್ತದೆ.