ಪದವೀಧರರ ಅಭಿಪ್ರಾಯಸಂಗ್ರಹ: ಬೇಲರ್ ವಿಶ್ವವಿದ್ಯಾನಿಲಯದ ನಿದರ್ಶನ

ವಿದ್ಯಾಸಂಸ್ಥೆಗೂ ಅದರಿಂದ ಪದವಿ ಪಡೆದು ಹೊರಬಂದವರಿಗೂ ಇರುವ ಸಂಬಂಧ ವಿಲಕ್ಷಣವಾದುದು. ವಿದ್ಯಾರ್ಥಿ ಅಲ್ಲಿ ಕಳೆಯುವುದು ಮೂರೋ ನಾಲ್ಕೋ ವರ್ಷ. ಅದರ ಹೆಸರನ್ನು ಹೊತ್ತು ನಡೆಯುವುದು ಜೀವಮಾನಪರ್ಯಂತ. ಸಂಸ್ಥೆಯ ಕೀರ್ತಿ ಬೆಳೆದರೆ ಅವನ ಪದವಿಯ ಬೆಲೆಯೂ ಬೆಳೆಯುತ್ತದೆ. ಅದಕ್ಕೆ ಕಳಂಕ ತಟ್ಟಿದರೆ ಅವನೂ ತಲೆ ತಗ್ಗಿಸಬೇಕಾಗುತ್ತದೆ. ಆದರೂ ಅದರ ಆಡಳಿತದಲ್ಲಿ ಅವನಿಗೆ ಸಾಮಾನ್ಯವಾಗಿ ಯಾವ ಅಧಿಕಾರವೂ ಇರುವುದಿಲ್ಲ. ಈ ಕೊರತೆಯನ್ನು ಕಿಂಚಿತ್ತಾದರೂ ನೀಗಿಸುವ ಸಾಧನಗಳು ಎರಡು: ಹಳೆಯ ವಿದ್ಯಾರ್ಥಿಗಳ ಸಂಘ ಮತ್ತು ಅವರ ಅಭಿಪ್ರಾಯಗಳ ಸಂಗ್ರಹ. ಆದರೆ ಕೇಳುವುದು ಬೇರೆ, ಕೇಳಿಸಿಕೊಳ್ಳುವುದು ಬೇರೆ. ಇವೆರಡರ ಅಂತರವನ್ನು ಅಮೆರಿಕದ ಟೆಕ್ಸಾಸ್ ಸಂಸ್ಥಾನದಲ್ಲಿರುವ ಬೇಲರ್ ವಿಶ್ವವಿದ್ಯಾನಿಲಯದ ಇತಿಹಾಸ ಸ್ಪಷ್ಟಪಡಿಸುತ್ತದೆ.

ಬೇಲರ್ ಬ್ಯಾಪ್ಟಿಸ್ಟ್ ಪಂಥದ ಕ್ರೈಸ್ತರು ಕಟ್ಟಿದ ಸಂಸ್ಥೆ. ಟೆಕ್ಸಾಸ್ ಇನ್ನೂ ಸ್ವತಂತ್ರ ಗಣರಾಜ್ಯವಾಗಿದ್ದಾಗ, ೧೮೪೫ರಲ್ಲಿ, ಅದಕ್ಕೆ ಸನ್ನದು ದೊರೆಯಿತು. ೧೮೮೬ರಲ್ಲಿ ಅದು ವೇಕೋ ನಗರದಲ್ಲಿ ನೆಲೆಗೊಂಡಿತು. ಅದರ ಹಳೆಯ ವಿದ್ಯಾರ್ಥಿಗಳ ಸಂಘದ ಮೂಲ ೧೮೫೯ರಷ್ಟು ಹಿಂದಿನದು. ಕಾಲಕ್ರಮದಲ್ಲಿ ಈ ಸಂಘ ವಿಶ್ವವಿದ್ಯಾನಿಲಯದ ಇಲಾಖೆಯಾಗಿರದೆ ಸ್ವತಂತ್ರ ಸಂಸ್ಥೆಯಾಗಿ ಬೆಳೆಯಿತು. ‘ಬೇಲರ್ ಲೈನ್’ ಎಂಬ ತನ್ನದೇ ಪತ್ರಿಕೆಯನ್ನು ಹೊರಡಿಸಿತು. ಆಡಳಿತದ ನಿರ್ಧಾರಗಳನ್ನು ವಿಮರ್ಶಿಸುವ ಹಕ್ಕನ್ನೂ ಉಳಿಸಿಕೊಂಡಿತು.

ಇಂತಹ ಧಾರ್ಮಿಕ ಮೂಲದ ಸಂಸ್ಥೆಯಲ್ಲಿ ಪದವೀಧರರೆಲ್ಲರದೂ ಒಂದೇ ಅಭಿಪ್ರಾಯವೆಂದು ಭಾವಿಸುವುದು ಸುಲಭ. ವಾಸ್ತವ ಹಾಗಿಲ್ಲ. ಬೇಲರಿನ ಆವರಣದಲ್ಲಿ ನೃತ್ಯಕ್ಕಿದ್ದ ನಿಷೇಧ ತೆರವಾದುದು ೧೯೯೬ರಲ್ಲಿ. ಅದಕ್ಕೆ ಮುಂಚೆ ಓದಿದವರ ನೆನಪಿನ ಬೇಲರ್ ಒಂದು. ಅನಂತರ ಓದಿದವರದು ಇನ್ನೊಂದು. ಪೂರ್ವದ ಶಿಸ್ತೇ ಸಂಸ್ಥೆಯ ಜೀವಾಳವೆನ್ನುವವರು ಒಂದೆಡೆ, ಅದು ಸಡಿಲವಾದುದೇ ಕ್ಷೇಮವೆನ್ನುವವರು ಇನ್ನೊಂದೆಡೆ. ಇಬ್ಬರೂ ಪದವೀಧರರೇ. ಯಾರೊಬ್ಬರ ಮಾತನ್ನೂ ಎಲ್ಲರ ಮಾತೆಂದು ಹೇಳುವಂತಿಲ್ಲ.

ಈ ಶತಮಾನದ ಆರಂಭದ ವರ್ಷಗಳಲ್ಲಿ ವಿಶ್ವವಿದ್ಯಾನಿಲಯವು ಪದವೀಧರರ ಸೇವೆಗೆಂದು ತನ್ನದೇ ಪ್ರತ್ಯೇಕ ವ್ಯವಸ್ಥೆಯನ್ನು ಏರ್ಪಡಿಸಿತು. ಒಂದೇ ಕೆಲಸಕ್ಕೆ ಎರಡು ಬಾಗಿಲುಗಳಾದವು, ಮನಸ್ತಾಪ ಬೆಳೆಯಿತು. ಕೊನೆಗೆ ೨೦೧೩ರಲ್ಲಿ ಉಭಯ ಪಕ್ಷಗಳ ಮುಖಂಡರು ಒಂದು ಒಪ್ಪಂದವನ್ನು ಸಿದ್ಧಪಡಿಸಿದರು. ಹಳೆಯ ಸಂಘವನ್ನು ವಿಸರ್ಜಿಸಿ ಅದರ ಸೇವಾಕಾರ್ಯಗಳನ್ನು ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸುವುದು ಅದರ ಸಾರ. ಇದಕ್ಕೆ ಸಂಘದ ಸದಸ್ಯರ ಮೂರರಲ್ಲಿ ಎರಡು ಪಾಲು ಮತಗಳು ಬೇಕಾಗಿದ್ದವು. ಸೆಪ್ಟೆಂಬರಿನಲ್ಲಿ ಮತದಾನವಾಯಿತು. ಮತ ನೀಡಬೇಕಾದವರು ಖುದ್ದಾಗಿ ವೇಕೋ ನಗರಕ್ಕೇ ಬರಬೇಕಾಗಿತ್ತು. ಪರವಾಗಿ ಬಂದ ಮತಗಳು ಶೇಕಡ ೫೫ರಷ್ಟು ಮಾತ್ರ, ಒಪ್ಪಂದ ಬಿದ್ದುಹೋಯಿತು. ೨೦೧೪ರಲ್ಲಿ ವಿವಾದ ನ್ಯಾಯಾಲಯದ ಮೆಟ್ಟಿಲೇರಿತು. ೨೦೧೬ರಲ್ಲಿ ರಾಜಿಯಾಗಿ, ಸಂಘವು ‘ಬೇಲರ್ ಲೈನ್ ಫೌಂಡೇಷನ್’ ಎಂಬ ಹೊಸ ಹೆಸರಿನಲ್ಲಿ ಮುಂದುವರಿಯಿತು.

ಈ ಪ್ರಸಂಗದಲ್ಲಿ ಯಾರ ಪಕ್ಷ ಸರಿ ಎಂಬುದು ಇಲ್ಲಿಯ ವಿಚಾರವಲ್ಲ. ವಿಚಾರ್ಯವಾದುದು ಆ ಶೇಕಡ ೫೫ರ ಅರ್ಥ. ಅಂದು ಮತ ನೀಡಿದವರು ಸುಮಾರು ಒಂದೂವರೆ ಸಾವಿರ ಮಂದಿ. ಬೇಲರಿನ ಪದವೀಧರರಾದರೋ ಲಕ್ಷಕ್ಕೂ ಮಿಕ್ಕವರು. ಸಂಘದ ಸದಸ್ಯರಲ್ಲದವರು, ದೂರದ ಊರಿನವರು, ರಜೆ ದೊರೆಯದವರು, ವೃದ್ಧರು—ಇವರ ಮನಸ್ಸಿನಲ್ಲಿ ಏನಿತ್ತೆಂಬುದನ್ನು ಆ ಅಂಕಿ ತಿಳಿಸಲಾರದು. ಸಂಘದ ನಿಬಂಧನೆಗೆ ಅನುಸಾರವಾಗಿ ಆ ಮತದಾನ ಒಂದು ತೀರ್ಮಾನ. ಪದವೀಧರ ಸಮುದಾಯದ ಅಭಿಪ್ರಾಯವೆಂದು ಮಾತ್ರ ಅದನ್ನು ಎಣಿಸಲಾಗದು.

ಹಾಗಾದರೆ ಹೆಚ್ಚು ಜನರನ್ನು ಕೇಳಿದರೆ ಸಾಕೇ? ಸಾಲದೆಂಬುದಕ್ಕೆ ಅಮೆರಿಕದ್ದೇ ಇನ್ನೊಂದು ಪ್ರಸಿದ್ಧ ನಿದರ್ಶನವಿದೆ. ೧೯೩೬ರ ಅಧ್ಯಕ್ಷ ಚುನಾವಣೆಯ ಮುನ್ನ ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಸುಮಾರು ಒಂದು ಕೋಟಿ ಮಂದಿಗೆ ಮತಪತ್ರಗಳನ್ನು ಕಳುಹಿಸಿತು. ಇಪ್ಪತ್ತು ಲಕ್ಷಕ್ಕೂ ಮಿಕ್ಕು ಉತ್ತರಗಳು ಬಂದವು. ಅವುಗಳ ಆಧಾರದ ಮೇಲೆ ಲ್ಯಾಂಡನ್ ಗೆಲ್ಲುವನೆಂದು ಪತ್ರಿಕೆ ಸಾರಿತು. ಚುನಾವಣೆಯಲ್ಲಿ ರೂಸ್‌ವೆಲ್ಟ್ ೪೮ ಸಂಸ್ಥಾನಗಳ ಪೈಕಿ ೪೬ನ್ನು ಗೆದ್ದನು. ವಿಳಾಸಗಳನ್ನು ಆರಿಸಿದ್ದು ಬಹುಮಟ್ಟಿಗೆ ಟೆಲಿಫೋನ್ ಮತ್ತು ಮೋಟಾರು ಒಡೆಯರ ಪಟ್ಟಿಗಳಿಂದ. ಉತ್ತರ ಬರೆಯುವ ಉತ್ಸಾಹವೂ ಎಲ್ಲ ವರ್ಗದವರಲ್ಲಿ ಸಮವಾಗಿರಲಿಲ್ಲ. ಅದೇ ವರ್ಷ ಗ್ಯಾಲಪ್ ಎಂಬ ಸಮೀಕ್ಷಕನು ಇದಕ್ಕಿಂತ ಎಷ್ಟೋ ಕಡಿಮೆ ಮಂದಿಯನ್ನು ವಿವೇಚನೆಯಿಂದ ಆರಿಸಿ ಕೇಳಿ, ಗೆಲ್ಲುವವನು ಯಾರೆಂಬುದನ್ನು ಸರಿಯಾಗಿ ಹೇಳಿದನು.

ಪದವೀಧರರ ಅಭಿಪ್ರಾಯಸಂಗ್ರಹದಲ್ಲಿಯೂ ಇದೇ ಅಪಾಯವಿದೆ. ಉತ್ತರಿಸುವವರಲ್ಲಿ ಸಂಸ್ಥೆಯನ್ನು ಬಹುವಾಗಿ ಪ್ರೀತಿಸುವವರೂ ಬಹುವಾಗಿ ನೊಂದವರೂ ಮುಂದಾಗಿರುವುದು ಸಹಜ. ನಡುವಣ ಬಹುಸಂಖ್ಯಾತರು ಮೌನವಾಗಿರುತ್ತಾರೆ. ಆದುದರಿಂದ ಮೊದಲು ಬೇಕಾದುದು ಪ್ರಶ್ನಾವಳಿಯಲ್ಲ, ಸಮರ್ಪಕವಾದ ವಿಳಾಸಪಟ್ಟಿ. ಅದರಿಂದ ಪದವಿಯ ವರ್ಷ, ಅಧ್ಯಯನದ ವಿಷಯ, ವಾಸಸ್ಥಳಗಳನ್ನು ಅನುಸರಿಸಿ ಗುಂಪುಗಳನ್ನು ಮಾಡಿ, ಪ್ರತಿಯೊಂದರಿಂದಲೂ ಕೆಲವರನ್ನು ಯಾದೃಚ್ಛಿಕವಾಗಿ ಆರಿಸಬೇಕು. ಉತ್ತರಿಸದವರಿಗೆ ಎರಡು ಮೂರು ಬಾರಿ ಜ್ಞಾಪಕಪತ್ರ ಬರೆಯಬೇಕು. ಒಡನೆಯೇ ಉತ್ತರಿಸಿದವರಿಗೂ ತಡವಾಗಿ ಉತ್ತರಿಸಿದವರಿಗೂ ಭೇದವಿದ್ದರೆ, ಉತ್ತರಿಸದೆಯೇ ಉಳಿದವರ ಮನೋಧರ್ಮದ ಸುಳಿವು ಅಲ್ಲಿ ಸಿಕ್ಕೀತು.

ಪ್ರಶ್ನೆಗಳ ರಚನೆಯೂ ಅಷ್ಟೇ ಮುಖ್ಯ. ‘ಪತ್ರಿಕೆಯೂ ವಾರ್ಷಿಕ ಸಮ್ಮೇಳನವೂ ನಿಮಗೆ ತೃಪ್ತಿಕರವಾಗಿವೆಯೇ?’ ಎಂದು ಕೇಳಿದರೆ, ಒಂದನ್ನು ಮೆಚ್ಚಿ ಇನ್ನೊಂದನ್ನು ಮೆಚ್ಚದವನು ಉತ್ತರಿಸುವ ಬಗೆ ಹೇಗೆ? ‘ನೀವು ಕಳೆದ ವರ್ಷ ಯಾವ ಸೇವೆಯನ್ನು ಬಳಸಿದಿರಿ, ಯಾವುದನ್ನು ಬಯಸಿಯೂ ಪಡೆಯಲಾಗಲಿಲ್ಲ?’ ಎಂದು ಕೇಳಿದರೆ ಅಂಕಪಟ್ಟಿಯ ನಕಲು, ಗ್ರಂಥಾಲಯದ ಪ್ರವೇಶ, ಉದ್ಯೋಗದ ಮಾರ್ಗದರ್ಶನ ಮುಂತಾದ ನಿಜವಾದ ಅಗತ್ಯಗಳು ಹೊರಬೀಳುತ್ತವೆ. ಪ್ರಶ್ನಾವಳಿಯ ಜೊತೆಯಲ್ಲೇ ದೇಣಿಗೆಯ ಪತ್ರವನ್ನು ಇಡುವುದು ಸಲ್ಲದು. ಅಭಿಪ್ರಾಯ ಕೇಳಿದ್ದು ಹಣಕ್ಕಾಗಿ ಎಂಬ ಶಂಕೆ ಹುಟ್ಟಿದರೆ ಮುಂದಿನ ಉತ್ತರ ಬಾರದು. ಉತ್ತರಿಸಿದವರ ಹೆಸರು ಗೋಪ್ಯವಾಗಿರುವುದೆಂಬ ಭರವಸೆಯೂ ಬೇಕು.

ಭಾರತದಲ್ಲಿ ಈ ವಿಷಯಕ್ಕೆ ಇನ್ನೊಂದು ಮುಖವಿದೆ. ಬೆಂಗಳೂರಿನ ಕ್ರೈಸ್ಟ್ ೧೯೬೯ರಲ್ಲಿ ಕಾಲೇಜಾಗಿ ಆರಂಭವಾಗಿ, ೨೦೦೮ರಲ್ಲಿ ವಿಶ್ವವಿದ್ಯಾನಿಲಯದ ಸ್ಥಾನಮಾನ ಪಡೆಯಿತು. ನಮ್ಮಲ್ಲಿಯ ಇಂತಹ ಕ್ರೈಸ್ತ ಸಂಸ್ಥೆಗಳಲ್ಲಿ ನಾನಾ ಮತಗಳವರು ಓದುತ್ತಾರೆ. ಸ್ಥಾಪಕರ ಧರ್ಮವನ್ನು ತಮ್ಮದೆನ್ನದಿದ್ದರೂ ಸಂಸ್ಥೆಯನ್ನು ತಮ್ಮದೆನ್ನುವ ಇವರ ಮಾತಿಗೆ ಪ್ರಶ್ನಾವಳಿಯಲ್ಲಿ ಎಡೆ ಇರಬೇಕು. ೧೯೯೪ರಲ್ಲಿ ಸ್ಥಾಪಿತವಾದ, ಬೆಂಗಳೂರಿನಲ್ಲಿಯೇ ಕೇಂದ್ರಸ್ಥಾನವುಳ್ಳ ರಾಷ್ಟ್ರೀಯ ಮೌಲ್ಯಮಾಪನ ಮತ್ತು ಮಾನ್ಯತಾ ಪರಿಷತ್ತು, ಹಳೆಯ ವಿದ್ಯಾರ್ಥಿಗಳ ಅಭಿಪ್ರಾಯವನ್ನು ತನ್ನ ಮಾನದಂಡಗಳಲ್ಲಿ ಸೇರಿಸಿದುದು ಒಳ್ಳೆಯದೇ. ಆದರೆ ಕಡತ ತುಂಬುವುದಕ್ಕಾಗಿ ಸಂಗ್ರಹಿಸಿದ ಅಭಿಪ್ರಾಯ ಕಡತದಲ್ಲಿಯೇ ಉಳಿಯುವ ಸಂಭವವೂ ಉಂಟು.

ಅಭಿಪ್ರಾಯಸಂಗ್ರಹದ ಕೊನೆಯ ಮೆಟ್ಟಿಲು ಪ್ರತ್ಯುತ್ತರ. ಏನು ಕೇಳಿದೆವು, ಏನು ತಿಳಿಯಿತು, ಯಾವುದನ್ನು ಮಾಡಿದೆವು, ಯಾವುದನ್ನು ಏಕೆ ಮಾಡಲಾಗಲಿಲ್ಲ—ಇವನ್ನು ಉತ್ತರಿಸಿದವರಿಗೂ ಉತ್ತರಿಸದವರಿಗೂ ತಿಳಿಸಬೇಕು. ಬೇಲರಿನ ಕಲಹಕ್ಕೆ ಕಾರಣಗಳು ಹಲವು. ಆದರೆ ಅದು ಕಲಿಸುವ ಪಾಠ ಒಂದೇ. ಬಾಗಿಲಿಗೆ ಬಂದವರನ್ನು ಮಾತ್ರ ಎಣಿಸುವ ಸಂಸ್ಥೆ ತನ್ನವರೆಷ್ಟು ಮಂದಿ ಎಂಬುದನ್ನೇ ಅರಿಯದು. ಊರು ಬಿಟ್ಟು ದೂರ ನೆಲೆಸಿದವರೂ ಅದರವರೇ. ಅವರಿಗೆ ಪತ್ರ ಬರೆದು, ಅವರ ಉತ್ತರಕ್ಕಾಗಿ ಕಾಯುವುದು ಸಂಸ್ಥೆಯ ಕರ್ತವ್ಯ.