ಸೊಸಾಯಿಟಿ, ಬ್ಯಾಂಕಿನ ಸಾಫ್ಟ್‌ವೇರ್ ಬದಲಾಗ್ತಿದೆಯಾ? ಸದಸ್ಯರು ಕೇಳಲೇಬೇಕಾದ 6 ಪ್ರಶ್ನೆ ಇಲ್ಲಿವೆ

ಬೆಳಗಾವಿ/ಖಾನಾಪುರ: ‘ಸಾಫ್ಟ್‌ವೇರ್ ಬದಲಾವಣೆ ಕಾರಣ ಎರಡು ದಿನ ವ್ಯವಹಾರ ಇರುವುದಿಲ್ಲ’ ಎಂಬ ಬೋರ್ಡ್ ಸಹಕಾರಿ ಬ್ಯಾಂಕ್ ಅಥವಾ ಸೊಸಾಯಿಟಿ ಬಾಗಿಲಲ್ಲಿ ಕಂಡರೆ ನಾವು ಹೆಚ್ಚಿನವರು ಸುಮ್ಮನೆ ವಾಪಸ್ ಬರ್ತೀವಿ. ಅದು ಕಂಪ್ಯೂಟರ್‌ನವರ ಕೆಲಸ, ನಮಗೇನು ಸಂಬಂಧ ಅಂದುಕೊಳ್ತೀವಿ. ಆದರೆ ಆ ಎರಡು ದಿನದಲ್ಲಿ ನಿಮ್ಮ ಠೇವಣಿ, ಪಿಗ್ಮಿ, ಬಂಗಾರದ ಸಾಲ, ಬೆಳೆಸಾಲ ಎಲ್ಲದರ ಲೆಕ್ಕ ಹಳೆಯ ಕಂಪ್ಯೂಟರ್‌ನಿಂದ ಹೊಸದಕ್ಕೆ ಹೋಗುತ್ತಿರುತ್ತದೆ. ದಾರಿಯಲ್ಲಿ ಒಂದು ತಾರೀಖು ತಪ್ಪಿದರೂ ಅದರ ಪೆಟ್ಟು ಬೀಳೋದು ಖಾತೆದಾರನಿಗೆ.

ಹೀಗಾಗಿ ಇಂಥ ಕೆಲಸವನ್ನು ಯಾರು ಒಪ್ಪಬೇಕು, ಯಾರು ಪರೀಕ್ಷಿಸಬೇಕು, ಯಾರು ನಿಲ್ಲಿಸಬಹುದು ಅನ್ನೋದಕ್ಕೆ ನಿಯಮಗಳಿವೆ. ಇಂಗ್ಲಿಷಿನಲ್ಲಿ ಅದನ್ನು ಐಟಿ ಗವರ್ನೆನ್ಸ್ ಅಂತಾರೆ. ಹೆಸರು ದೊಡ್ಡದಾದರೂ ಒಳಗಿನ ವಿಷಯ ಅಂಗಡಿ ನಡೆಸುವ ಯಾರಿಗಾದರೂ ಅರ್ಥ ಆಗುವಂಥದ್ದೇ.

ಈ ಮಾತು ಈಗ್ಯಾಕೆ?

ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘಗಳನ್ನು, ಅಂದ್ರೆ ಊರಲ್ಲಿ ನಾವು ‘ಸೊಸಾಯಿಟಿ’ ಅನ್ನೋ ಸಂಘಗಳನ್ನು, ಕಂಪ್ಯೂಟರೀಕರಣ ಮಾಡುವ 2,516 ಕೋಟಿ ರೂ. ಯೋಜನೆಗೆ ಕೇಂದ್ರ ಸಚಿವ ಸಂಪುಟ 2022ರ ಜೂನ್ 29ರಂದು ಒಪ್ಪಿಗೆ ಕೊಟ್ಟಿತು. ಕರ್ನಾಟಕವೂ ಇದರಲ್ಲಿದೆ. ನಬಾರ್ಡ್ ಮೂಲಕ ಬರುವ ಒಂದೇ ಸಾಫ್ಟ್‌ವೇರ್‌ನಲ್ಲಿ ಎಲ್ಲ ಸೊಸಾಯಿಟಿಗಳ ಲೆಕ್ಕ ಇರಬೇಕು, ಅದು ಡಿಸಿಸಿ ಬ್ಯಾಂಕ್ ಮತ್ತು ಅಪೆಕ್ಸ್ ಬ್ಯಾಂಕ್ ಜೊತೆ ಜೋಡಣೆ ಆಗಬೇಕು ಅನ್ನೋದು ಉದ್ದೇಶ. ಕಂಪ್ಯೂಟರ್ ಬರೋದು ಮೊದಲ ಹೆಜ್ಜೆ ಮಾತ್ರ. ಆಮೇಲೆ ಹಳೆ ಪುಸ್ತಕದ ಲೆಕ್ಕ ಏರಿಸಬೇಕು, ತಾಳೆ ನೋಡಬೇಕು, ಹೊಸ ವ್ಯವಸ್ಥೆ ಚಾಲೂ ಮಾಡಬೇಕು, ದಿನದ ಕೊನೆಗೆ ಆನ್‌ಲೈನ್‌ನಲ್ಲೇ ಲೆಕ್ಕ ಮುಗಿಸಬೇಕು. ತಪ್ಪು ಹೆಚ್ಚಾಗಿ ನುಸುಳುವುದು ಹಳೆ ಲೆಕ್ಕ ಏರಿಸುವಾಗ.

ಖಾನಾಪುರ ತಾಲೂಕಿನ ಒಬ್ಬ ರೈತನ ಉದಾಹರಣೆ ತಗೊಳ್ರಿ. ರಾಜ್ಯದಲ್ಲಿ ಸಹಕಾರಿ ಸಂಘಗಳ ಶೂನ್ಯ ಬಡ್ಡಿ ಬೆಳೆಸಾಲದ ಮಿತಿಯನ್ನು 2023ರ ಬಜೆಟ್‌ನಲ್ಲಿ 3 ಲಕ್ಷದಿಂದ 5 ಲಕ್ಷ ರೂ.ಗೆ ಏರಿಸಲಾಯಿತು. ಆದರೆ ಸಾಲವನ್ನು ಮುದ್ದತ್ತಿನೊಳಗೆ ತುಂಬಿದರೆ ಮಾತ್ರ ಶೂನ್ಯ ಬಡ್ಡಿ. ಹಳೆ ಪುಸ್ತಕದಲ್ಲಿ ಇದ್ದ ಮುದ್ದತ್ತಿನ ತಾರೀಖು ಹೊಸ ಕಂಪ್ಯೂಟರ್‌ನಲ್ಲಿ ಒಂದು ತಿಂಗಳು ಹಿಂದಕ್ಕೆ ಬಿತ್ತು ಅಂದುಕೊಳ್ರಿ. ರೈತ ಸರಿಯಾದ ದಿನಕ್ಕೇ ರೊಕ್ಕ ತುಂಬಿದರೂ ಕಂಪ್ಯೂಟರ್ ಲೆಕ್ಕದಲ್ಲಿ ಆತ ಸುಸ್ತಿದಾರ. ಮುಂದಿನ ಸಾಲಕ್ಕೂ ಅಡ್ಡಿ.

ನಗರದ ಕಡೆ ಬಂದರೆ ಅರ್ಬನ್ ಸಹಕಾರಿ ಬ್ಯಾಂಕುಗಳಿಗೆ ಆರ್‌ಬಿಐ 2018ರ ಅಕ್ಟೋಬರ್‌ನಲ್ಲಿ ಸೈಬರ್ ಸುರಕ್ಷತೆಯ ಮೂಲ ನಿಯಮ ಹೊರಡಿಸಿತು. 2019ರ ಡಿಸೆಂಬರ್ 31ರಂದು ಬ್ಯಾಂಕುಗಳನ್ನು 4 ಹಂತಗಳಾಗಿ ವಿಂಗಡಿಸಿತು. ಬರೀ ಶಾಖೆಯಲ್ಲಿ ವ್ಯವಹಾರ ಮಾಡುವ ಸಣ್ಣ ಬ್ಯಾಂಕಿಗೆ ಕಡಿಮೆ ನಿಯಮ, ಮೊಬೈಲ್ ಬ್ಯಾಂಕಿಂಗ್ ಕೊಡುವ ಬ್ಯಾಂಕಿಗೆ ಹೆಚ್ಚು, ಸ್ವಂತ ಎಟಿಎಂ ಸ್ವಿಚ್ ಇಟ್ಟುಕೊಂಡವರಿಗೆ ಇನ್ನೂ ಹೆಚ್ಚು. ಸೌಲಭ್ಯ ಹೆಚ್ಚಿದಂತೆ ಜವಾಬ್ದಾರಿಯೂ ಹೆಚ್ಚು ಅನ್ನೋ ಲೆಕ್ಕ.

ಚೌಕಟ್ಟು ಅಂದ್ರೆ ಏನು?

ರವಿವಾರ ಪೇಟೆಯ ಹಳೆ ಅಡತಿ ಅಂಗಡಿಯ ಪದ್ಧತಿ ನೆನಪು ಮಾಡಿಕೊಳ್ರಿ. ಕಿರ್ದಿ ಬರೆಯುವವರು ಒಬ್ಬರು, ಗಲ್ಲಾ ನೋಡುವವರು ಇನ್ನೊಬ್ಬರು. ರಾತ್ರಿ ಅಂಗಡಿ ಮುಚ್ಚೋ ಮುಂಚೆ ಎರಡೂ ತಾಳೆ ಆಗಲೇಬೇಕು. ತಾಳೆ ಆಗದಿದ್ದರೆ ಮಾಲೀಕರಿಗೆ ಹೇಳದೆ ಯಾರೂ ತಿದ್ದುವಂತಿಲ್ಲ. ಐಟಿ ಗವರ್ನೆನ್ಸ್‌ನ ತಿರುಳೂ ಇದೇ.

ಜಗತ್ತಿನಾದ್ಯಂತ ಇದಕ್ಕೆ ಬಳಸುವ ಒಂದು ಚೌಕಟ್ಟಿನ ಹೆಸರು ಕೋಬಿಟ್. ಐಸಾಕಾ ಎಂಬ ಸಂಸ್ಥೆ 1996ರಲ್ಲಿ ಮೊದಲು ಹೊರತಂದಿತು. ಅದರ ಪರಿಷ್ಕೃತ ರೂಪವೇ ಕೋಬಿಟ್ 2019. ಅದು ಎರಡು ಕೆಲಸಗಳನ್ನು ಬೇರೆ ಬೇರೆ ಇಡುತ್ತದೆ. ಏನು ಆಗಬೇಕು ಅಂತ ತೀರ್ಮಾನಿಸಿ, ಆಗ್ತಿದೆಯಾ ಅಂತ ಮೇಲಿಂದ ನೋಡುವುದು ಆಡಳಿತ ಮಂಡಳಿಯ ಕೆಲಸ. ಅದನ್ನು ಮಾಡಿ ಮುಗಿಸುವುದು ವ್ಯವಸ್ಥಾಪಕರು, ಕಂಪ್ಯೂಟರ್ ಸಿಬ್ಬಂದಿ ಮತ್ತು ಸಾಫ್ಟ್‌ವೇರ್ ಕಂಪನಿಯ ಕೆಲಸ. ಮಾಡುವವನೇ ‘ಸರಿಯಾಗಿದೆ’ ಅಂತ ಸರ್ಟಿಫಿಕೇಟ್ ಕೊಟ್ಟುಕೊಳ್ಳುವಂತಿಲ್ಲ.

ದೊಡ್ಡ ಬ್ಯಾಂಕುಗಳಿಗಾಗಿ ಆರ್‌ಬಿಐ 2023ರ ನವೆಂಬರ್ 7ರಂದು ಹೊರಡಿಸಿ, 2024ರ ಏಪ್ರಿಲ್ 1ರಿಂದ ಜಾರಿಗೆ ತಂದ ನಿರ್ದೇಶನದಲ್ಲೂ ಇದೇ ವಿಚಾರ ಇದೆ. ನಿರ್ದೇಶಕರ ಮಟ್ಟದಲ್ಲಿ ಐಟಿ ಸಮಿತಿ ಇರಬೇಕು, ಅದು ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಮಾಹಿತಿ ಸುರಕ್ಷತೆಯ ಅಧಿಕಾರಿ ಐಟಿ ಮುಖ್ಯಸ್ಥರ ಕೈಕೆಳಗೆ ಇರಬಾರದು. ಹಳೆ ಲೆಕ್ಕ ಹೊಸ ವ್ಯವಸ್ಥೆಗೆ ಸಾಗಿಸುವಾಗ ಪ್ರತಿ ಹಂತದಲ್ಲೂ ಅದನ್ನು ಬಳಸುವ ವಿಭಾಗದವರು ಒಪ್ಪಿ ಸಹಿ ಹಾಕಬೇಕು, ಯಾರು ಏನು ಮಾಡಿದರು ಎಂಬ ದಾಖಲೆ ಉಳಿಯಬೇಕು. ಈ ನಿರ್ದೇಶನ ನಮ್ಮ ಸಣ್ಣ ಸೊಸಾಯಿಟಿಗಳಿಗಾಗಿ ಬರೆದದ್ದಲ್ಲ. ಆದರೆ ಅದರೊಳಗಿನ ಪದ್ಧತಿ ಪಾಲಿಸಲು ದೊಡ್ಡ ಖರ್ಚೇನೂ ಬೇಡ. ಒಂದು ರಿಜಿಸ್ಟರ್, ನಾಲ್ಕು ಸಹಿ ಸಾಕು.

ಪಾಲಿಸದಿದ್ದರೆ ಏನಾಗುತ್ತೆ?

ಬ್ರಿಟನ್‌ನ ಟಿಎಸ್‌ಬಿ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಒಂದೇ ವಾರಾಂತ್ಯದಲ್ಲಿ ತನ್ನ 52 ಲಕ್ಷ ಗ್ರಾಹಕರ ಲೆಕ್ಕವನ್ನು ಹೊಸ ವ್ಯವಸ್ಥೆಗೆ ಸಾಗಿಸಿತು. ಲೆಕ್ಕವೇನೋ ಹೋಯಿತು, ಆದರೆ ವ್ಯವಸ್ಥೆ ಕುಸಿಯಿತು. ಲಕ್ಷಾಂತರ ಜನರಿಗೆ ತಮ್ಮದೇ ಖಾತೆ ತೆರೆಯಲು ಆಗಲಿಲ್ಲ. ಎಲ್ಲವೂ ಮೊದಲಿನಂತಾಗಲು ಡಿಸೆಂಬರ್ ಬಂತು. ಎರಡು ಡೇಟಾ ಸೆಂಟರ್‌ಗಳ ಪೈಕಿ ಒಂದರಲ್ಲಿ ಮಾತ್ರ ಪೂರ್ಣ ಪರೀಕ್ಷೆ ಆಗಿತ್ತು, ನಿರ್ದೇಶಕ ಮಂಡಳಿ ಕೇಳಬೇಕಾದ ಪ್ರಶ್ನೆ ಕೇಳಿರಲಿಲ್ಲ ಎಂದು ಆಮೇಲಿನ ತನಿಖಾ ವರದಿ ಹೇಳಿತು. 2022ರಲ್ಲಿ ಬ್ಯಾಂಕಿಗೆ 4.86 ಕೋಟಿ ಪೌಂಡ್ ದಂಡ ಬಿತ್ತು. ಮುಂದಿನ ವರ್ಷ ಆಗಿನ ಐಟಿ ಮುಖ್ಯಸ್ಥರಿಗೆ ವೈಯಕ್ತಿಕವಾಗಿ 81,620 ಪೌಂಡ್ ದಂಡ. ಹೊರಗಿನ ಕಂಪನಿ ‘ರೆಡಿ’ ಅಂದದ್ದನ್ನು ಸರಿಯಾಗಿ ಪರಿಶೀಲಿಸದೆ ನಂಬಿದ್ದು ಅವರ ಮೇಲಿನ ಆಕ್ಷೇಪ.

ನಮ್ಮಲ್ಲೂ ಉದಾಹರಣೆ ಇದೆ. 2024ರ ಏಪ್ರಿಲ್ 24ರಂದು ಆರ್‌ಬಿಐ ಕೋಟಕ್ ಮಹೀಂದ್ರ ಬ್ಯಾಂಕಿಗೆ ಆನ್‌ಲೈನ್ ಮೂಲಕ ಹೊಸ ಗ್ರಾಹಕರನ್ನು ಸೇರಿಸದಂತೆ, ಹೊಸ ಕ್ರೆಡಿಟ್ ಕಾರ್ಡ್ ಕೊಡದಂತೆ ತಡೆ ಹಾಕಿತು. ಸಾಫ್ಟ್‌ವೇರ್ ಬದಲಾವಣೆ ನಿರ್ವಹಣೆ, ಯಾರಿಗೆ ಯಾವ ಪಾಸ್‌ವರ್ಡ್, ಹೊರಗಿನ ಕಂಪನಿಗಳ ಮೇಲ್ವಿಚಾರಣೆ ಇವುಗಳಲ್ಲಿನ ಕೊರತೆಗಳನ್ನು ಆದೇಶದಲ್ಲಿ ಎತ್ತಿ ಹೇಳಲಾಗಿತ್ತು. ತಡೆ ತೆರವಾಗಿದ್ದು 2025ರ ಫೆಬ್ರವರಿಯಲ್ಲಿ.

ಅದೇ ರೀತಿ 2024ರ ಜುಲೈ ಕೊನೆಯಲ್ಲಿ ಸಿ-ಎಡ್ಜ್ ಎಂಬ ಸಾಫ್ಟ್‌ವೇರ್ ಸೇವಾ ಕಂಪನಿಯ ಮೇಲೆ ರ‍್ಯಾನ್ಸಮ್‌ವೇರ್ ದಾಳಿ ಆದಾಗ, ಅದನ್ನೇ ನೆಚ್ಚಿಕೊಂಡಿದ್ದ ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಯುಪಿಐ, ಎಟಿಎಂ ಸೇವೆ ನಿಂತಿತು. ಆ ಬ್ಯಾಂಕುಗಳಲ್ಲಿ ಹೆಚ್ಚಿನವು ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳು. ಅಂದ್ರೆ ನಿಮ್ಮ ಬ್ಯಾಂಕ್ ಬೆಳಗಾವಿಯಲ್ಲಿದ್ದರೂ ಅದರ ಲೆಕ್ಕದ ಕೀಲಿಕೈ ಬೇರೆ ಊರಿನ ಕಂಪನಿಯ ಹತ್ತಿರ ಇರಬಹುದು.

ಸಭೆಯಲ್ಲಿ ಕೇಳಬೇಕಾದ 6 ಪ್ರಶ್ನೆ

ಸಹಕಾರಿ ಸಂಸ್ಥೆಯಲ್ಲಿ ಷೇರು ಇದ್ದವರು ಬರೀ ಗಿರಾಕಿ ಅಲ್ಲ, ಮಾಲೀಕರೂ ಹೌದು. ವಾರ್ಷಿಕ ಸರ್ವಸಾಧಾರಣ ಸಭೆಗಳು ಸಾಮಾನ್ಯವಾಗಿ ಸೆಪ್ಟೆಂಬರ್ ಹೊತ್ತಿಗೆ ನಡೆಯುತ್ತವೆ. ಲಾಭಾಂಶ ಎಷ್ಟು ಅಂತ ಕೇಳುವ ಜೊತೆಗೆ ಇವನ್ನೂ ಕೇಳಿ.

1. ಈ ಕೆಲಸಕ್ಕೆ ಹೊಣೆ ಯಾರು? ಹೊಸ ಸಾಫ್ಟ್‌ವೇರ್‌ಗೆ ಆಡಳಿತ ಮಂಡಳಿ ಠರಾವು ಪಾಸ್ ಮಾಡಿದೆಯಾ, ಯಾವ ನಿರ್ದೇಶಕರಿಗೆ ಜವಾಬ್ದಾರಿ ಕೊಟ್ಟಿದೆ? ‘ಕಂಪನಿಯವರು ನೋಡ್ಕೊಳ್ತಾರೆ’ ಅನ್ನೋದು ಉತ್ತರ ಅಲ್ಲ.

2. ತಾಳೆ ನೋಡಿದವರು ಯಾರು? ಹಳೆ ಮತ್ತು ಹೊಸ ವ್ಯವಸ್ಥೆಯ ಖಾತೆಗಳ ಸಂಖ್ಯೆ, ಒಟ್ಟು ಠೇವಣಿ, ಒಟ್ಟು ಸಾಲ, ಬಾಕಿ ಬಡ್ಡಿ ಒಂದೇ ಬಂದಿವೆಯಾ? ಒಟ್ಟು ಮೊತ್ತ ಸರಿ ಇದ್ದರೂ ಒಬ್ಬರ ರೊಕ್ಕ ಇನ್ನೊಬ್ಬರ ಹೆಸರಿಗೆ ಹೋಗಿರಬಹುದು. ಹೀಗಾಗಿ ಕೆಲವು ಖಾತೆಗಳನ್ನು ಒಂದೊಂದಾಗಿ ತೆಗೆದು ನೋಡಿ ಸಹಿ ಹಾಕಿರಬೇಕು. ಆ ಸಹಿ ಶಾಖೆಯವರದ್ದು ಅಥವಾ ಲೆಕ್ಕಪರಿಶೋಧಕರದ್ದು ಆಗಿರಬೇಕು, ಸಾಫ್ಟ್‌ವೇರ್ ಕಂಪನಿಯದ್ದಲ್ಲ.

3. ಚಾಲೂ ಮಾಡುವ ಮುಂಚೆ ಪರೀಕ್ಷೆ ಆಗಿದೆಯಾ? ಪಿಗ್ಮಿ ತುಂಬುವುದು, ಬಂಗಾರದ ಸಾಲ ಬಿಡಿಸುವುದು, ಅವಧಿಗೆ ಮುಂಚೆ ಎಫ್‌ಡಿ ಮುರಿಯುವುದು, ಸುಸ್ತಿ ಬಡ್ಡಿ ಲೆಕ್ಕ ಎಲ್ಲವನ್ನೂ ಮಾಡಿ ನೋಡಿರಬೇಕು. ಸಂತೆ ದಿನದ ಗದ್ದಲವನ್ನು ತಡೆಯುತ್ತಾ? ಜಾಂಬೋಟಿ, ಕಣಕುಂಬಿ ಕಡೆ ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಹೋದರೆ ಕೆಲಸ ಹೇಗೆ ನಡೆಯುತ್ತದೆ?

4. ಕೆಟ್ಟರೆ ವಾಪಸ್ ಹೋಗುವ ದಾರಿ ಏನು? ಹಳೆ ಲೆಕ್ಕದ ಪೂರ್ತಿ ಪ್ರತಿ ಇದೆಯಾ? ಯಾವ ಹಂತ ದಾಟಿದ ಮೇಲೆ ನಿಲ್ಲಿಸಬೇಕು, ಆ ನಿರ್ಧಾರ ಯಾರದ್ದು ಅಂತ ಮೊದಲೇ ಬರೆದಿಟ್ಟಿರಬೇಕು. ಮಧ್ಯರಾತ್ರಿ ಗಡಿಬಿಡಿಯಲ್ಲಿ ಮಾಡುವ ತೀರ್ಮಾನ ಅಲ್ಲ ಅದು.

5. ಪಾಸ್‌ವರ್ಡ್ ಯಾರ ಹತ್ತಿರ? ಒಬ್ಬರು ನಮೂದು ಮಾಡಿದ್ದನ್ನು ಇನ್ನೊಬ್ಬರು ಒಪ್ಪುವ ಪದ್ಧತಿ ಇರಲೇಬೇಕು. ಒಂದೇ ಪಾಸ್‌ವರ್ಡ್‌ನಲ್ಲಿ ಎಲ್ಲರೂ ಕೆಲಸ ಮಾಡಿದರೆ ತಪ್ಪು ಯಾರದ್ದು ಅಂತ ಗೊತ್ತಾಗೋದೇ ಇಲ್ಲ. ಲೆಕ್ಕ ಸಾಗಿಸಲು ಕಂಪನಿಯವರಿಗೆ ಕೊಟ್ಟ ಪಾಸ್‌ವರ್ಡ್ ಕೆಲಸ ಮುಗಿದ ಮೇಲೆ ಬಂದ್ ಆಗಿದೆಯಾ?

6. ಕಂಪನಿ ಜೊತೆ ಕರಾರು ಏನಿದೆ? ಲೆಕ್ಕದ ಮಾಹಿತಿ ಸಂಸ್ಥೆಯದ್ದೇ ಅಂತ ಬರೆದಿದೆಯಾ? ಕಂಪನಿ ಬಿಟ್ಟರೆ ಅಥವಾ ಮುಚ್ಚಿದರೆ ಲೆಕ್ಕ ವಾಪಸ್ ಹೇಗೆ ಸಿಗುತ್ತದೆ?

ಉತ್ತರ ಬಾಯಿಮಾತಲ್ಲಿ ಬಂದರೆ ಸಾಲದು, ಸಭೆಯ ನಡಾವಳಿಯಲ್ಲಿ ದಾಖಲಾಗಲಿ ಅಂತ ಕೇಳಿ.

ನೀವು ಮಾಡಬೇಕಾದ್ದು

ಬೋರ್ಡ್ ಕಂಡ ದಿನವೇ ಪಾಸ್‌ಬುಕ್ ಎಂಟ್ರಿ ಹಾಕಿಸಿ. ಎಫ್‌ಡಿ ಪಾವತಿ, ಬಂಗಾರದ ಸಾಲದ ಚೀಟಿ, ಪಿಗ್ಮಿ ರಸೀದಿಗಳ ಫೋಟೋ ತೆಗೆದಿಟ್ಟುಕೊಳ್ಳಿ. ಹೊಸ ವ್ಯವಸ್ಥೆ ಶುರುವಾದ ಮೇಲೆ ಬಾಕಿ ಮೊತ್ತ ಮಾತ್ರ ನೋಡಬೇಡಿ. ಬಡ್ಡಿ ದರ, ಮುದ್ದತ್ತಿನ ತಾರೀಖು, ನಾಮಿನಿ ಹೆಸರು, ಮೊಬೈಲ್ ನಂಬರ್ ಎಲ್ಲ ಸರಿ ಇವೆಯಾ ನೋಡಿ. ತಪ್ಪಿದ್ದರೆ ಲಿಖಿತ ಅರ್ಜಿ ಕೊಟ್ಟು, ಸ್ವೀಕೃತಿ ಸಿಕ್ಕಾ ಹಾಕಿಸಿಕೊಳ್ಳಿ.

ಅಂಗಡಿಕಾರರು ಆ ಎರಡು ಮೂರು ದಿನಕ್ಕೆ ಬೇರೆ ಬ್ಯಾಂಕ್ ಖಾತೆಯ ಇನ್ನೊಂದು ಕ್ಯೂಆರ್ ಕೋಡ್ ಸಿದ್ಧ ಇಟ್ಟುಕೊಂಡರೆ ವ್ಯಾಪಾರ ನಿಲ್ಲಲ್ಲ. ‘ಹೊಸ ಸಾಫ್ಟ್‌ವೇರ್ ಬಂದಿದೆ, ಒಟಿಪಿ ಹೇಳಿ’ ಅಂತ ಫೋನ್ ಬಂದರೆ ಅದು ಮೋಸವೇ. ರೊಕ್ಕ ಹೋದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ. ಬ್ಯಾಂಕಿನ ಮೇಲಿನ ದೂರಿನ ಬಗ್ಗೆ ಆರ್‌ಬಿಐ ಸಹಾಯವಾಣಿ 14448ರಲ್ಲಿ ಕೇಳಬಹುದು. ಪತ್ತಿನ ಸಂಘ, ಸೌಹಾರ್ದ ಸಹಕಾರಿಗಳು ಆರ್‌ಬಿಐ ವ್ಯಾಪ್ತಿಗೆ ಬರುವುದಿಲ್ಲ. ರಾಜ್ಯದೊಳಗಿನ ಸಂಘವಾದರೆ ದೂರನ್ನು ಸಹಕಾರ ಇಲಾಖೆಗೇ ಕೊಡಬೇಕು.

5 ಲಕ್ಷದ ವಿಮೆ ಇದೆಯಲ್ಲ?

ಇಲ್ಲಿ ಬಹಳ ಜನ ತಪ್ಪು ತಿಳಿದುಕೊಂಡಿದ್ದಾರೆ. 2020ರ ಫೆಬ್ರವರಿಯಿಂದ ಇರುವ 5 ಲಕ್ಷ ರೂ. ಠೇವಣಿ ವಿಮೆ ಅರ್ಬನ್ ಸಹಕಾರಿ ಬ್ಯಾಂಕ್, ಡಿಸಿಸಿ ಬ್ಯಾಂಕ್ ಸೇರಿ ಬ್ಯಾಂಕುಗಳಿಗೆ ಮಾತ್ರ. ಊರ ಸೊಸಾಯಿಟಿ, ಸೌಹಾರ್ದ, ಮಲ್ಟಿಸ್ಟೇಟ್ ಕ್ರೆಡಿಟ್ ಸೊಸಾಯಿಟಿಗಳ ಠೇವಣಿಗೆ ಅದು ಇಲ್ಲ. ಬ್ಯಾಂಕಿನಲ್ಲೂ ಈ ವಿಮೆ ಕೆಲಸ ಮಾಡೋದು ಬ್ಯಾಂಕ್ ಮುಳುಗಿದಾಗ ಅಥವಾ ಆರ್‌ಬಿಐ ನಿರ್ಬಂಧ ಹಾಕಿದಾಗ. ಲೆಕ್ಕ ಸಾಗಿಸುವಾಗ ತಪ್ಪಿದ ಬಡ್ಡಿಗೆ, ಕಳೆದುಹೋದ ನಾಮಿನಿ ಹೆಸರಿಗೆ ಯಾವ ವಿಮೆಯೂ ಇಲ್ಲ. ಅಲ್ಲಿ ನಿಮ್ಮನ್ನು ಕಾಯೋದು ತಾಳೆ ನೋಡಿ ಹಾಕಿದ ಸಹಿ ಮತ್ತು ನಿಮ್ಮ ಕೈಯಲ್ಲಿರುವ ಪಾಸ್‌ಬುಕ್ ಮಾತ್ರ.

ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದಾಗ ಲೆಕ್ಕ ಪುಸ್ತಕದಲ್ಲಿ ಇರುತ್ತಿತ್ತು, ಸದಸ್ಯರು ತೆರೆದು ನೋಡಬಹುದಿತ್ತು. ಈಗ ಲೆಕ್ಕ ಎಲ್ಲೋ ಸರ್ವರ್‌ನಲ್ಲಿದೆ. ಪುಟ ತಿರುವಿ ನೋಡಲು ಆಗಲ್ಲ, ಆದರೆ ಕೇಳಲು ಆಗುತ್ತದೆ. ಮುಂದಿನ ಸಭೆಯ ನೋಟಿಸ್ ಬಂದಾಗ ಊಟದ ಹೊತ್ತಿಗೆ ಹೋಗುವ ಬದಲು ಒಂದು ಗಂಟೆ ಮೊದಲೇ ಹೋಗಿ, ಈ ಪ್ರಶ್ನೆಗಳನ್ನು ಕೇಳಿ.