ಮೋಟಾರ್ ಸೈಕಲ್ ಸ್ಪೀಡೋಮೀಟರ್ ದೋಷ: ಕಾರಣ ಹಾಗೂ ಪರಿಶೀಲನಾ ಕ್ರಮ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಹಾಗೂ ಜೇವರ್ಗಿ ತಾಲ್ಲೂಕುಗಳ ಎರೆಭೂಮಿಯಲ್ಲಿ ಮಳೆಗಾಲದ ಜಿಗುಟು ಮಣ್ಣು ಮೋಟಾರ್ ಸೈಕಲಿನ ಮುಂದಿನ ಚಕ್ರದ ಹಬ್ಬಿಗೆ ಮೆತ್ತಿಕೊಳ್ಳುತ್ತದೆ. ಹೊಲದ ದಾರಿಯಲ್ಲಿ ಜಾಲಿಮುಳ್ಳು ಚುಚ್ಚಿ ಪಂಕ್ಚರ್ ಆದಾಗ ಅದೇ ಚಕ್ರವನ್ನು ಬಿಚ್ಚಬೇಕಾಗುತ್ತದೆ. ಸ್ಪೀಡೋಮೀಟರ್ ನಿಂತುಹೋಗಲು ಇವೆರಡೂ ಕಾರಣವಾಗಬಲ್ಲವು.

ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ 117ನೇ ನಿಯಮದನ್ವಯ ಮೋಟಾರ್ ಸೈಕಲಿಗೆ ಸ್ಪೀಡೋಮೀಟರ್ ಕಡ್ಡಾಯವಾಗಿದೆ. ಇದನ್ನು ಕೇವಲ ದಂಡದ ವಿಷಯವೆಂದು ಭಾವಿಸುವುದು ಸರಿಯಲ್ಲ. ಗಂಟೆಗೆ 40 ಕಿ.ಮೀ. ವೇಗವೆಂದು ತಿಳಿದು 60ರಲ್ಲಿ ಸಾಗುವ ಸವಾರನ ವಾಹನವು ಬ್ರೇಕ್ ಹಿಡಿದ ಮೇಲೆ ಎರಡು ಪಟ್ಟಿಗಿಂತಲೂ ಹೆಚ್ಚು ದೂರ ಸಾಗಿ ನಿಲ್ಲುತ್ತದೆ. ಹಿಂಬದಿ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರ್ ರಾತ್ರಿ ವೇಳೆ ಎದುರಾದಲ್ಲಿ ಈ ಅಂತರವೇ ನಿರ್ಣಾಯಕ.

ಕೇಬಲ್ ಇರುವ ವಾಹನಗಳಲ್ಲಿ ಮುಂದಿನ ಚಕ್ರದ ಹಬ್ಬಿನೊಳಗಿನ ಪಿನಿಯನ್ ಕೇಬಲಿನ ಒಳತಂತಿಯನ್ನು ತಿರುಗಿಸುತ್ತದೆ. ಆ ತಂತಿಯು ಮೀಟರಿನೊಳಗಿನ ಅಯಸ್ಕಾಂತವನ್ನು ತಿರುಗಿಸಿ, ಅದರ ಸೆಳೆತದಿಂದ ಮೀಟರಿನ ಮುಳ್ಳು ಏರುತ್ತದೆ. ಕಿ.ಮೀ. ಅಂಕಿಗಳೂ ಅದೇ ತಂತಿಯಿಂದಲೇ ಚಲಿಸುತ್ತವೆ. ಆದುದರಿಂದ ಮೊದಲು ಅಂಕಿಗಳನ್ನು ಗಮನಿಸತಕ್ಕದ್ದು. ಅಂಕಿ ಓಡುತ್ತಿದ್ದು ಮುಳ್ಳು ಮಾತ್ರ ನಿಂತಿದ್ದರೆ ದೋಷವು ಮೀಟರಿನೊಳಗಿದೆ. ಎರಡೂ ನಿಂತಿದ್ದರೆ ಬಹುಮಟ್ಟಿಗೆ ಕೇಬಲ್ ಅಥವಾ ಪಿನಿಯನ್ ಕೆಟ್ಟಿರುತ್ತದೆ. ಮುಳ್ಳು ನಡುಗುತ್ತಿದ್ದರೆ ಕೇಬಲ್ ಒಣಗಿರುವ ಅಥವಾ ಎಲ್ಲಿಯೋ ಮಡಚಿಕೊಂಡಿರುವ ಸಂಭವ ಹೆಚ್ಚು.

ಇದನ್ನು ಖಚಿತಪಡಿಸಿಕೊಳ್ಳದೆ ಹೊಸ ಮೀಟರ್ ಖರೀದಿಸುವುದು ಅನಗತ್ಯ ವೆಚ್ಚ. ವಾಹನವನ್ನು ಡಬಲ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಮುಂದಿನ ಚಕ್ರವು ನೆಲ ಬಿಟ್ಟಿರುವಂತೆ ಭದ್ರವಾಗಿ ಎತ್ತಿ, ಕೇಬಲಿನ ಮೇಲ್ತುದಿಯನ್ನು ಮೀಟರಿನಿಂದ ಬಿಡಿಸಬೇಕು. ನಂತರ ಚಕ್ರವನ್ನು ಕೈಯಿಂದ ಮುಂದಕ್ಕೆ ತಿರುಗಿಸಬೇಕು. ಒಳತಂತಿ ತಿರುಗಿದರೆ ಕೇಬಲ್, ಪಿನಿಯನ್ ಎರಡೂ ಸರಿಯಾಗಿದ್ದು, ಮೀಟರ್ ಕೆಟ್ಟಿದೆ ಎಂದರ್ಥ. ತಿರುಗದಿದ್ದಲ್ಲಿ ಕೆಳತುದಿಯನ್ನೂ ಬಿಡಿಸಿ ತಂತಿಯನ್ನು ಬೆರಳಿನಿಂದ ತಿರುಗಿಸಿ ನೋಡಬೇಕು. ಇನ್ನೊಂದು ತುದಿಯೂ ತಿರುಗಿದರೆ ಕೇಬಲ್ ತುಂಡಾಗಿಲ್ಲ. ಹಬ್ಬಿನ ಪಿನಿಯನ್ ಹಲ್ಲು ಸವೆದಿರಬಹುದು. ಪಂಕ್ಚರ್ ತಿದ್ದಿಸಿದ ಮರುದಿನವೇ ಮೀಟರ್ ನಿಂತಿದ್ದರೆ ಚಕ್ರ ಜೋಡಿಸುವಾಗ ಹಬ್ಬಿನ ಕಿವಿಗಳು ತಮ್ಮ ಗಾಡಿಯಲ್ಲಿ ಕೂತಿಲ್ಲವೆಂದು ಶಂಕಿಸಬಹುದು. ಹಾಗೆಯೇ ಬಿಗಿದು ಓಡಿಸಿದರೆ ಕಿವಿಗಳು ಮುರಿಯುತ್ತವೆ.

ಕೇಬಲಿಗೆ ಗ್ರೀಸ್ ತೆಳುವಾಗಿ ಹಚ್ಚಬೇಕು. ಮೀಟರಿನ ಬಳಿಯ ತುದಿಗೆ ಹಚ್ಚಬಾರದು. ಗ್ರೀಸ್ ಮೇಲೇರಿ ಮೀಟರಿನೊಳಗೆ ಸೇರಿದರೆ ಮುಳ್ಳು ತಪ್ಪು ವೇಗ ತೋರಿಸುತ್ತದೆ.

ಡಿಜಿಟಲ್ ಮೀಟರಿನ ವಾಹನಗಳಲ್ಲಿ ಸಾಮಾನ್ಯವಾಗಿ ಕೇಬಲಿನ ಬದಲು ಸೆನ್ಸರ್ ಇರುತ್ತದೆ. ಎಬಿಎಸ್ ವಾಹನವು ಚಲಿಸಿದ ಮೇಲೂ ಎಬಿಎಸ್ ದೀಪ ಆರದೆ, ವೇಗವೂ ಕಾಣಿಸದಿದ್ದರೆ ಚಕ್ರದ ಸೆನ್ಸರ್ ಮತ್ತು ಅದರ ವೈರನ್ನು ಮೊದಲು ಪರೀಕ್ಷಿಸತಕ್ಕದ್ದು. ಅಲ್ಲಿ ಕೆಸರು ಕಟ್ಟಿಕೊಂಡಿರುವುದೂ ಉಂಟು.

ದುರಸ್ತಿಯ ನಂತರ ಹೆದ್ದಾರಿಯ ಕಿ.ಮೀ. ಕಲ್ಲುಗಳ ನಡುವೆ ಒಂದೇ ವೇಗದಲ್ಲಿ ಸಾಗಿ ಮೀಟರನ್ನು ತಾಳೆ ನೋಡಬಹುದು. ಗಡಿಯಾರ ನೋಡುವ ಕೆಲಸ ಹಿಂಬದಿ ಸವಾರರದ್ದಾಗಿರಲಿ. 40 ಕಿ.ಮೀ. ವೇಗದಲ್ಲಿ ಒಂದು ಕಲ್ಲಿನಿಂದ ಮುಂದಿನ ಕಲ್ಲಿಗೆ 90 ಸೆಕೆಂಡುಗಳು, 60ರಲ್ಲಿ 60 ಸೆಕೆಂಡುಗಳು ಬೇಕಾಗುತ್ತವೆ.